ಅರಿವು ಮತ್ತು ನಡತೆ: ಸಾಕ್ರೆಟೀಸನ ಸಿದ್ಧಾಂತವೂ ಅದರ ಪರೀಕ್ಷೆಯೂ

ಒಳ್ಳೆಯದು ಇಂಥದೆಂದು ಬಲ್ಲವನು ಕೆಟ್ಟುದನ್ನು ಮಾಡುವನೆ? ಲೋಕವನ್ನು ಕೇಳಿದರೆ, ಮಾಡುವನು, ದಿನದಿನವೂ ಮಾಡುತ್ತಿರುವನು ಎಂದೇ ಉತ್ತರ ಬರುವುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಬಾಳಿದ ಸಾಕ್ರೆಟೀಸನೊಬ್ಬನು ಮಾತ್ರ, ಮಾಡಲಾರನು ಎಂದನು. ಅರಿವೇ ಸದ್ಗುಣವು, ದುಷ್ಕೃತ್ಯವೆಲ್ಲವೂ ಅಜ್ಞಾನದ ಫಲವು ಎಂಬುದು ಆತನ ಮತ. ಈ ಮತವು ಪಂಡಿತರ ಗೋಷ್ಠಿಯಲ್ಲಿ ಹುಟ್ಟಿ ಅಲ್ಲಿಯೇ ಅಡಗಿದ ವಾದವಲ್ಲ. ಆತನ ಬಳಿಯಲ್ಲಿ ಓಡಾಡಿದ ಇಬ್ಬರು ತರುಣರ ನಡತೆಯಿಂದ ಅದು ಊರ ಬಾಯಿಗೆ ಬಿದ್ದಿತು. ಆತನ ಪ್ರಾಣಕ್ಕೂ ಮುಳುವಾಯಿತೆಂದು ನಂಬಲು ಆಧಾರಗಳುಂಟು. ಆತನ ತರುವಾಯ ಬಂದ ಕ್ಸೆನೊಫನ್, ಪ್ಲೇಟೋ, ಅರಿಸ್ಟಾಟಲ್ ಎಂಬ ಮೂವರೂ ಈ ಒಂದು ಗಂಟನ್ನು ಬಿಡಿಸುವುದಕ್ಕಾಗಿಯೇ ಅರಿವು ಎಂಬ ಪದದ ಅರ್ಥವನ್ನು ಮೇಲಿಂದ ಮೇಲೆ ಶೋಧಿಸಬೇಕಾಯಿತು. ಆ ಶೋಧನೆಯ ಇತಿಹಾಸವೇ ಪ್ರಕೃತ ಲೇಖನದ ವಿಷಯವು.

೧

ಕ್ರಿ. ಪೂ. ೪೮೦-೪೭೯ರಲ್ಲಿ ಪಾರಸಿಕ ಚಕ್ರವರ್ತಿಯ ದಂಡು ಹಿಮ್ಮೆಟ್ಟಿದ ಮೇಲೆ ಅಥೆನ್ಸ್ ನಗರವು ಏಜಿಯನ್ ಸಮುದ್ರದ ಅನೇಕ ದ್ವೀಪಗಳ ಮೇಲೆ ಒಡೆತನವನ್ನು ಪಡೆಯಿತು. ಅಲ್ಲಿ ರಾಜನಿರಲಿಲ್ಲ, ಪೌರರ ಮಹಾಸಭೆಯೇ ಯುದ್ಧವನ್ನೂ ಸಂಧಿಯನ್ನೂ ನಿಶ್ಚಯಿಸುತ್ತಿತ್ತು. ಸ್ತ್ರೀಯರಿಗೂ ದಾಸರಿಗೂ ಪರಸ್ಥಳದವರಿಗೂ ಆ ಸಭೆಯಲ್ಲಿ ಎಡೆಯಿರಲಿಲ್ಲವೆಂಬುದನ್ನು ಮರೆಯಬಾರದು. ನ್ಯಾಯಸ್ಥಾನದಲ್ಲಿಯೂ ಚೀಟಿ ಎತ್ತಿ ಆರಿಸಿದ ನೂರಾರು ಮಂದಿ ಪೌರರೇ ಕುಳಿತು ತೀರ್ಪು ಕೊಡುತ್ತಿದ್ದರು. ವಾದಿಪ್ರತಿವಾದಿಗಳು ತಮ್ಮ ತಮ್ಮ ಪಕ್ಷವನ್ನು ತಾವೇ ಹೇಳಿಕೊಳ್ಳಬೇಕಾಗಿದ್ದಿತು. ಹೀಗಿರಲು ಮಾತು ಬಲ್ಲವನಿಗೆ ಪದವಿ, ಮಾತು ಬಾರದವನಿಗೆ ಆಪತ್ತು ಎಂಬಂತಾಯಿತು.

ಈ ಸನ್ನಿವೇಶವನ್ನು ಬಳಸಿಕೊಂಡವರು ಸಾಫಿಸ್ಟರೆಂಬ ಅಧ್ಯಾಪಕರು. ಇವರು ಊರಿಂದೂರಿಗೆ ಸಂಚರಿಸುತ್ತ, ವೇತನವನ್ನು ತೆಗೆದುಕೊಂಡು, ಶ್ರೀಮಂತರ ಮಕ್ಕಳಿಗೆ ವಾಕ್ಚಾತುರ್ಯವನ್ನೂ ಲೋಕವ್ಯವಹಾರವನ್ನೂ ಕಲಿಸುತ್ತಿದ್ದರು. ಅಬ್ದೇರ ಪಟ್ಟಣದ ಪ್ರೊಟಾಗೊರಾಸನು ಇವರಲ್ಲಿ ಹಿರಿಯನು. ಪದಾರ್ಥಗಳ ಇರವಿಗೂ ಇಲ್ಲದಿರವಿಗೂ ಮನುಷ್ಯನೇ ಅಳತೆಗೋಲು ಎಂಬುದು ಆತನ ಪ್ರಸಿದ್ಧ ವಾದ. ಸಿಸಿಲಿ ದ್ವೀಪದ ಲಿಯೊಂಟಿನಿಯಿಂದ ಕ್ರಿ. ಪೂ. ೪೨೭ರಲ್ಲಿ ರಾಯಭಾರಿಯಾಗಿ ಬಂದ ಗೋರ್ಗಿಯಾಸನು ತನ್ನ ಭಾಷಣದ ಬೆಡಗಿನಿಂದ ಊರನ್ನೇ ಬೆರಗುಗೊಳಿಸಿದನು. ಸಾಫಿಸ್ಟರೆಲ್ಲರೂ ವಂಚಕರೆಂದು ಹೇಳುವುದು ಅನ್ಯಾಯವಾದೀತು. ಭಾಷಾವಿಚಾರಕ್ಕೂ ರಾಜ್ಯವಿಚಾರಕ್ಕೂ ಅವರಿಂದ ಉಪಕಾರವಾಗಿದೆ. ಆದರೆ ಅವರ ಶಿಕ್ಷಣದಿಂದ ಒಂದು ಸಂಶಯವು ಉಳಿದುಕೊಂಡಿತು. ಸಭೆಯನ್ನು ಒಲಿಸಿಕೊಳ್ಳುವ ವಿದ್ಯೆಯುಂಟು ಸರಿ. ಯಾವುದಕ್ಕಾಗಿ ಒಲಿಸಿಕೊಳ್ಳಬೇಕೆಂಬುದನ್ನು ತಿಳಿಸುವ ವಿದ್ಯೆ ಯಾವುದು? ಸಾಕ್ರೆಟೀಸನು ಹಿಡಿದುಕೊಂಡುದು ಈ ಪ್ರಶ್ನೆಯನ್ನೇ.

೨

ಸಾಕ್ರೆಟೀಸನು ಸುಮಾರು ಕ್ರಿ. ಪೂ. ೪೬೯ರಲ್ಲಿ ಸೊಫ್ರೊನಿಸ್ಕಸನೆಂಬ ಕಲ್ಲುಕುಟಿಗನ ಮಗನಾಗಿ ಹುಟ್ಟಿದನು. ತಾಯಿಯಾದ ಫೈನರೀಟೆಯು ಸೂಲಗಿತ್ತಿ. ಪರರ ಬುದ್ಧಿಯು ಹೆರುವುದಕ್ಕೆ ನೆರವಾಗುವುದೇ ತನ್ನ ಕೆಲಸವೆಂದು ಆತನು ತಾಯಿಯ ಕಸಬನ್ನು ದೃಷ್ಟಾಂತವಾಗಿ ಕೊಡುತ್ತಿದ್ದಂತೆ ಪ್ಲೇಟೋ ಚಿತ್ರಿಸಿರುವನು. ಆತನು ವೇತನವನ್ನು ಮುಟ್ಟಲಿಲ್ಲ, ಪಾಠಶಾಲೆಯನ್ನು ತೆರೆಯಲಿಲ್ಲ, ಒಂದು ಗ್ರಂಥವನ್ನೂ ಬರೆಯಲಿಲ್ಲ. ಆತನ ವಿಷಯದಲ್ಲಿ ತಿಳಿದುದೆಲ್ಲವೂ ಅನ್ಯರ ಬರಹದಿಂದಲೇ: ಕ್ರಿ. ಪೂ. ೪೨೩ರಲ್ಲಿ ಆಡಿದ 'ಮೋಡಗಳು' ಎಂಬ ಪ್ರಹಸನದಲ್ಲಿ ಆತನನ್ನು ಗೇಲಿಮಾಡಿದ ಅರಿಸ್ಟೊಫೆನೀಸ್, ಶಿಷ್ಯರಾದ ಪ್ಲೇಟೋ ಮತ್ತು ಕ್ಸೆನೊಫನ್, ಆತನನ್ನು ಕಣ್ಣಾರೆ ಕಾಣದ ಅರಿಸ್ಟಾಟಲ್. ಇವರ ಮಾತುಗಳಲ್ಲಿ ಪರಸ್ಪರ ಭೇದವು ಬೇಕಾದಷ್ಟುಂಟು. ಆದರೆ ಸದ್ಗುಣವನ್ನು ಆತನು ಜ್ಞಾನದೊಡನೆ ಒಂದಾಗಿ ಎಣಿಸಿದನೆಂಬಲ್ಲಿ ಶಿಷ್ಯರಿಬ್ಬರಿಗೂ ಅರಿಸ್ಟಾಟಲನಿಗೂ ಐಕಮತ್ಯವಿದೆ.

ಲಕ್ಷಣವನ್ನು ಕೇಳಿ ಅದನ್ನು ಒರೆಗೆ ಹಚ್ಚುವುದೇ ಆತನ ವಿಚಾರದ ಕ್ರಮ. 'ಲಾಕೀಸ್' ಎಂಬ ಸಂವಾದದಲ್ಲಿ ಆ ಹೆಸರಿನ ದಂಡನಾಯಕನನ್ನು ಕುರಿತು, ಶೌರ್ಯವೆಂದರೇನು ಎಂದು ಕೇಳುತ್ತಾನೆ. ಸಾಲಿನಲ್ಲಿ ನಿಂತು ಓಡದೆ ಕಾದುವುದೇ ಶೌರ್ಯವೆಂದು ಆ ಯೋಧನ ಉತ್ತರ. ಹಾಗಾದರೆ ಹಿಂದೆ ಸರಿಯುತ್ತಲೇ ಕಾದುವ ಸಿಥಿಯದ ಕುದುರೆಸವಾರರಲ್ಲಿ ಶೌರ್ಯವಿಲ್ಲವೆ ಎಂದರೆ ಲಕ್ಷಣವು ಮುರಿಯಿತು. ನಮ್ಮ ನೈಯಾಯಿಕರ ಪರಿಭಾಷೆಯಲ್ಲಿ ಇದು ಅವ್ಯಾಪ್ತಿದೋಷ. ಮನಸ್ಸಿನ ಸಹಿಷ್ಣುತೆಯೇ ಶೌರ್ಯವೆಂದು ತಿದ್ದಿ ಹೇಳಿದರೆ, ಮೂರ್ಖತನದ ಹಟವೂ ಸಹಿಷ್ಣುತೆಯೇ, ಅದು ಶ್ಲಾಘ್ಯವೆ ಎಂಬ ಪ್ರಶ್ನೆ ಬರುವುದು, ಇದು ಅತಿವ್ಯಾಪ್ತಿ. ಕಡೆಗೆ, ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬಾರದು ಎಂಬ ಜ್ಞಾನವೇ ಶೌರ್ಯವಾಗಿರಬಹುದೆ ಎಂಬ ಕಡೆಗೆ ಮಾತು ತಿರುಗುತ್ತದೆ. ಸಂವಾದವು ನಿರ್ಣಯಕ್ಕೆ ಬಾರದೆ ಮುಗಿದರೂ ದಾರಿಯು ಎತ್ತ ಸಾಗುವುದೆಂಬುದು ಸ್ಪಷ್ಟವಾಗಿದೆ.

ಆ ದಾರಿಯ ಕೊನೆಯಲ್ಲಿರುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಯಾವನೂ ತನಗೆ ಕೇಡನ್ನು ಬಯಸುವುದಿಲ್ಲ. ಅನ್ಯಾಯವು ಎಲ್ಲಕ್ಕಿಂತ ಮೊದಲು ಅದನ್ನು ಮಾಡಿದವನ ಆತ್ಮಕ್ಕೇ ಕೇಡನ್ನು ತರುವುದು. ಆದುದರಿಂದ ಅನ್ಯಾಯವನ್ನು ಮಾಡುವವನು ಅದು ತನಗೆ ಕೇಡೆಂಬುದನ್ನು ಅರಿಯದೆಯೇ ಮಾಡುತ್ತಾನೆ. ಅರಿತವನು ಸುಖಕ್ಕೆ ಸೋತು ತಪ್ಪುವನೆಂಬ ಲೋಕೋಕ್ತಿಗೆ 'ಪ್ರೊಟಾಗೊರಾಸ್' ಸಂವಾದದಲ್ಲಿ ಸಮಾಧಾನವನ್ನು ಹೇಳಿದೆ. ಹತ್ತಿರದ ವಸ್ತುವು ಕಣ್ಣಿಗೆ ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ತೋರುವಂತೆ, ಹತ್ತಿರದ ಸುಖವು ಹಿರಿದಾಗಿ ತೋರುವುದು. ಕಣ್ಣಿನ ಭ್ರಮೆಯನ್ನು ಅಳತೆಯು ತಿದ್ದುವಂತೆ ಈ ಭ್ರಮೆಯನ್ನೂ ತಿದ್ದುವ ಒಂದು ಅಳತೆಯ ವಿದ್ಯೆಯು ಬೇಕು. ಸೋಲೆಂದು ಜನರು ಕರೆಯುವುದು ವಾಸ್ತವವಾಗಿ ಅಳತೆಯ ತಪ್ಪು. ಜ್ಞಾನವನ್ನು ಕೋಪವೂ ಕಾಮವೂ ಆಳಿನಂತೆ ಎಳೆದಾಡುವುವೆಂದು ಹೇಳುವವರು ಜ್ಞಾನದ ಬಲವನ್ನು ಅರಿಯರು.

ಈ ಮತಕ್ಕೆ ಎದುರುಮಾತು ಅದೇ ಊರಿನ ರಂಗಭೂಮಿಯಲ್ಲಿಯೇ ಕೇಳಿಬಂದಿತ್ತು. ಯೂರಿಪಿಡೀಸ್ ಕವಿಯ 'ಮಿಡೀಯ' ನಾಟಕವು ಕ್ರಿ. ಪೂ. ೪೩೧ರಲ್ಲಿಯೂ 'ಹಿಪ್ಪೊಲಿಟಸ್' ನಾಟಕವು ೪೨೮ರಲ್ಲಿಯೂ ಪ್ರಯೋಗವಾದುವು. ಮೊದಲನೆಯದರ ನಾಯಿಕೆಯು ತನ್ನ ಮಕ್ಕಳನ್ನು ಕೊಲ್ಲಹೊರಟಾಗ ತಾನು ಮಾಡುತ್ತಿರುವುದು ಘೋರವೆಂದು ಬಲ್ಲೆನೆಂದೇ ಹೇಳಿಕೊಳ್ಳುತ್ತಾಳೆ. ಕೋಪವು ವಿವೇಕವನ್ನು ಮೀರಿತು. ಎರಡನೆಯದರಲ್ಲಿ ಫೀಡ್ರಳು, ಮನುಷ್ಯರು ಒಳ್ಳೆಯದನ್ನು ಬಲ್ಲರು, ಆದರೆ ನಡಸಲಾರರು ಎಂದು ಕೊರಗುತ್ತಾಳೆ. ಕವಿಗೆ ತೋರಿದ ಈ ದೃಶ್ಯವನ್ನು ಊರು ಸ್ವಲ್ಪ ಕಾಲದಲ್ಲಿಯೇ ನಾಟಕದ ಹೊರಗೂ ಕಂಡಿತು.

೩

ಆಲ್ಸಿಬಯಡೀಸನು ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡು, ರಾಜ್ಯಧುರಂಧರನಾದ ಪೆರಿಕ್ಲೀಸನ ಪೋಷಣೆಯಲ್ಲಿ ಬೆಳೆದವನು. ರೂಪ, ಕುಲ, ಧನ, ವಾಗ್ಮಿತೆ ಇವು ಯಾವುವೂ ಅವನಿಗೆ ಕಡಮೆಯಿರಲಿಲ್ಲ. ಪೊಟಿಡೀಯದ ದಂಡಯಾತ್ರೆಯಲ್ಲಿ ಅವನು ಗಾಯಗೊಂಡು ಬಿದ್ದಾಗ ಸಾಕ್ರೆಟೀಸನು ಅವನನ್ನೂ ಅವನ ಆಯುಧಗಳನ್ನೂ ಕಾಪಾಡಿದನು. ಕ್ರಿ. ಪೂ. ೪೧೫ರಲ್ಲಿ ಅಥೆನ್ಸಿನವರು ಸಿಸಿಲಿಯ ಮೇಲೆ ದಂಡೆತ್ತಿ ಹೋಗಲು ಅವನೇ ಮುಖ್ಯ ಪ್ರೇರಕನು, ಸೇನಾನಾಯಕರಲ್ಲಿ ಒಬ್ಬನು. ದೇವತಾರಹಸ್ಯಗಳನ್ನು ಅಪಹಾಸ್ಯ ಮಾಡಿದನೆಂಬ ಆರೋಪದಿಂದ ವಿಚಾರಣೆಗೆ ಕರೆ ಬಂದಾಗ ತಪ್ಪಿಸಿಕೊಂಡು ಶತ್ರುವಾದ ಸ್ಪಾರ್ಟ ನಗರವನ್ನು ಸೇರಿ, ತನ್ನ ಊರಿನ ಸೇನೆಯು ಕೆಡುವುದಕ್ಕೆ ಉಪಾಯವನ್ನು ಹೇಳಿಕೊಟ್ಟನು. ೪೧೩ರಲ್ಲಿ ಆ ಸೇನೆಯು ಸಿಸಿಲಿಯಲ್ಲಿ ನಿರ್ಮೂಲವಾಯಿತು. ಬಳಿಕ ಅವನು ಪಾರಸಿಕರ ಪ್ರಾಂತಾಧಿಪತಿಯನ್ನು ಆಶ್ರಯಿಸಿದನು. ಮತ್ತೆ ಅಥೆನ್ಸಿನವರ ಪಕ್ಷಕ್ಕೆ ತಿರುಗಿ ೪೦೭ರಲ್ಲಿ ಮೆರವಣಿಗೆಯಿಂದ ಊರನ್ನು ಹೊಕ್ಕನು. ಮತ್ತೆ ಅಧಿಕಾರವನ್ನು ಕಳೆದುಕೊಂಡು ೪೦೪ರಲ್ಲಿ ಫ್ರಿಜಿಯ ದೇಶದಲ್ಲಿ ಕೊಲೆಯಾದನು.

ಕ್ರಿಟಿಯಾಸನು ಪ್ಲೇಟೋವಿನ ತಾಯಿಯ ಸಮೀಪ ಬಂಧು. ಕವಿ, ಗದ್ಯಕಾರ, ವಿಚಾರಶೀಲ. ಕ್ರಿ. ಪೂ. ೪೦೪ರಲ್ಲಿ ಅಥೆನ್ಸ್ ಸೋತು ಸ್ಪಾರ್ಟಕ್ಕೆ ಶರಣಾದ ಮೇಲೆ ಊರನ್ನು ಆಳಿದ 'ಮೂವತ್ತು ಮಂದಿ'ಯ ಮುಂದಾಳು ಇವನೇ. ಒಂದು ವರ್ಷವೂ ತುಂಬದ ಆ ಆಳಿಕೆಯಲ್ಲಿ ೧,೫೦೦ಕ್ಕೆ ಕಡಮೆಯಿಲ್ಲದ ಜನರು ಹತರಾದರೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ರಾಜ್ಯವ್ಯವಸ್ಥೆಯ ಗ್ರಂಥವು ತಿಳಿಸುತ್ತದೆ. ತನ್ನ ಕ್ರೌರ್ಯಕ್ಕೆ ಅಡ್ಡಬಂದ ಜೊತೆಗಾರನಾದ ಥೆರಾಮೆನೀಸನನ್ನೂ ಕ್ರಿಟಿಯಾಸನು ಕೊಲ್ಲಿಸಿದನು. ೪೦೩ರಲ್ಲಿ ಪ್ರಜಾಪಕ್ಷದವರೊಡನೆ ಕಾದುತ್ತ ಬಿದ್ದನು.

ಇಬ್ಬರೂ ಸಾಕ್ರೆಟೀಸನ ಮಾತುಗಳನ್ನು ಕೇಳಿದವರು. ಶೌರ್ಯ ಸಂಯಮ ನ್ಯಾಯಗಳ ವಿಚಾರದಲ್ಲಿ ಪಾಲುಗೊಂಡವರು. ಪ್ಲೇಟೋವಿನ 'ಖಾರ್ಮಿಡೀಸ್' ಸಂವಾದದಲ್ಲಿ ಸಂಯಮವೆಂದರೇನೆಂದು ಚರ್ಚಿಸುವವರಲ್ಲಿ ಒಬ್ಬನು ಈ ಕ್ರಿಟಿಯಾಸನೇ. ಅರಿವೇ ಸದ್ಗುಣವಾದರೆ ಇವರು ಹೀಗಾದುದು ಹೇಗೆ? ಗುರುವಿನಲ್ಲಿ ಅರಿವು ಇರಲಿಲ್ಲವೆ? ಅಥವಾ ಅರಿವಿಗೆ ನಡತೆಯನ್ನು ತಿದ್ದುವ ಬಲವಿಲ್ಲವೆ? ಮಕ್ಕಳನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಊರಿಗೆ ಈ ಪ್ರಶ್ನೆಯು ತರ್ಕಶಾಸ್ತ್ರದ ವಿನೋದವಾಗಿರಲಿಲ್ಲ.

೪

ಕ್ರಿ. ಪೂ. ೩೯೯ರಲ್ಲಿ ಮೆಲೀಟಸ್, ಅನೀಟಸ್, ಲೈಕಾನ್ ಎಂಬ ಮೂವರು ಸಾಕ್ರೆಟೀಸನ ಮೇಲೆ ಮೊಕದ್ದಮೆಯನ್ನು ಹೂಡಿದರು. ಊರಿನ ದೇವತೆಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಕ್ರಿಟಿಯಾಸನ ಹೆಸರು ಅದರಲ್ಲಿಲ್ಲ. ೪೦೩ರಲ್ಲಿ ಪ್ರಜಾಪ್ರಭುತ್ವವು ಮರಳಿ ನೆಲೆಗೊಂಡಾಗ, ಹಿಂದಿನ ಕ್ಷೋಭೆಯ ಕಾಲದ ಅಪರಾಧಗಳನ್ನು ಎತ್ತಬಾರದೆಂದು ಪೌರರೆಲ್ಲರೂ ಪ್ರಮಾಣ ಮಾಡಿದ್ದರು. ಆ ಕಾರಣದಿಂದಲೇ ಹೆಸರನ್ನು ಬಿಟ್ಟರೆಂದು ಕೆಲವು ಚರಿತ್ರಕಾರರ ಮತ. ದೈವವಿಷಯದ ಆರೋಪವೇ ಪ್ರಧಾನವೆಂದು ಮತ್ತೆ ಕೆಲವರ ಮತ. ಆದರೆ ಅರ್ಧ ಶತಮಾನವು ಕಳೆದ ಮೇಲೆ, ೩೪೫ರಲ್ಲಿ, ಐಸ್ಕಿನೀಸನೆಂಬ ವಾಗ್ಮಿಯು ನ್ಯಾಯಸ್ಥಾನದಲ್ಲಿ ಮಾತಾಡುತ್ತ, ಕ್ರಿಟಿಯಾಸನಿಗೆ ಪಾಠ ಹೇಳಿದವನೆಂದು ಸಾಕ್ರೆಟೀಸನನ್ನು ನೀವು ಕೊಲ್ಲಿಸಿದಿರಿ ಎಂಬ ಭಾವವನ್ನು ಯಾವ ವಿವರಣೆಯೂ ಬೇಡವೆಂಬಂತೆ ಹೇಳುತ್ತಾನೆ. ಊರು ಆ ತೀರ್ಪನ್ನು ಹೇಗೆ ನೆನೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ.

ವಿಚಾರಣೆಯ ಕಾಲಕ್ಕೆ ಸಾಕ್ರೆಟೀಸನಿಗೆ ಎಪ್ಪತ್ತು ವರ್ಷ. ಮೂವತ್ತು ಮತಗಳು ಅತ್ತಣಿಂದ ಇತ್ತ ಬಂದಿದ್ದರೆ ಬಿಡುಗಡೆಯಾಗುತ್ತಿದ್ದಿತೆಂದು ಆತನು ನುಡಿದುದಾಗಿ ಪ್ಲೇಟೋ ಬರೆದಿದ್ದಾನೆ. ಮರಣದಂಡನೆಯಾಯಿತು. ಡೀಲೊಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆಯು ಹಿಂದಿರುಗುವ ತನಕ ಯಾರನ್ನೂ ಕೊಲ್ಲಕೂಡದೆಂಬ ನಿಯಮವಿದ್ದುದರಿಂದ ಸುಮಾರು ಒಂದು ತಿಂಗಳು ಸೆರೆಯಲ್ಲಿರಬೇಕಾಯಿತು. ಗೆಳೆಯನಾದ ಕ್ರಿಟೋ ಸೆರೆಮನೆಯಿಂದ ಹೊರಗೆ ಸಾಗಿಸುವ ಏರ್ಪಾಡನ್ನು ಮಾಡಿಕೊಂಡು ಬಂದನು. ಅನ್ಯಾಯಕ್ಕೆ ಪ್ರತಿಯಾಗಿಯೂ ಅನ್ಯಾಯವನ್ನು ಮಾಡಬಾರದೆಂದು ಇಷ್ಟು ಕಾಲವೂ ಒಪ್ಪಿ ಬಂದುದು ಸಾವು ಸಮೀಪಿಸಿದ ಮಾತ್ರಕ್ಕೆ ಸುಳ್ಳಾಗುವುದೆ ಎಂದು ಆತನನ್ನೇ ಕೇಳಿ, ಸಾಕ್ರೆಟೀಸನು ಉಳಿದುಕೊಂಡು ವಿಷವನ್ನು ಕುಡಿದನು. ಇದಕ್ಕೆ ಮುಂಚೆಯೂ ಇಂಥ ಪ್ರಸಂಗಗಳು ಒದಗಿದ್ದುವು. ೪೦೬ರಲ್ಲಿ ಮಹಾಸಭೆಯು ರೊಚ್ಚಿಗೆದ್ದು, ಅರ್ಗಿನೂಸೀ ಯುದ್ಧದ ದಂಡನಾಯಕರನ್ನು ನಿಯಮಕ್ಕೆ ವಿರುದ್ಧವಾಗಿ ಒಟ್ಟಿಗೆ ದಂಡಿಸಹೊರಟಾಗ ಆತನು ಒಪ್ಪಲಿಲ್ಲ. ಸಾಲಮಿಸಿನ ಲಿಯಾನನೆಂಬವನನ್ನು ಹಿಡಿದು ತರಬೇಕೆಂದು ಮೂವತ್ತು ಮಂದಿಯು ಐವರಿಗೆ ಅಪ್ಪಣೆ ಮಾಡಿದಾಗ, ನಾಲ್ವರು ಹೋದರು. ಸಾಕ್ರೆಟೀಸನು ಮನೆಗೆ ಹೊರಟುಹೋದನು. ಪ್ರಜೆಗಳ ಕೋಪಕ್ಕಾಗಲಿ ಕ್ರಿಟಿಯಾಸನ ಕತ್ತಿಗಾಗಲಿ ಆತನ ಅರಿವು ಬಾಗಲಿಲ್ಲ. ಹೀಗೆ ಒಂದೇ ಸಿದ್ಧಾಂತಕ್ಕೆ ಗುರುವಿನ ಬಾಳು ಅನುಕೂಲ ದೃಷ್ಟಾಂತವಾಗಿಯೂ ಶಿಷ್ಯರ ಬಾಳು ಪ್ರತಿಕೂಲ ದೃಷ್ಟಾಂತವಾಗಿಯೂ ಊರ ಮುಂದೆ ನಿಂತುವು.

೫

ಕ್ಸೆನೊಫನನು 'ಸ್ಮರಣೆಗಳು' ಎಂಬ ಗ್ರಂಥದ ಆದಿಯಲ್ಲಿಯೇ ಈ ಅಪವಾದವನ್ನು ಎತ್ತಿಕೊಂಡು ಉತ್ತರ ಕೊಡುತ್ತಾನೆ. ಆ ಇಬ್ಬರೂ ಗುರುವಿನ ಬಾಳುವೆಯನ್ನು ಬಯಸಿ ಬಂದವರಲ್ಲ, ಮಾತಿನ ಮತ್ತು ಕಾರ್ಯದ ಸಾಮರ್ಥ್ಯವನ್ನು ಬಯಸಿ ಬಂದವರು ಎಂಬುದು ಮೊದಲನೆಯ ಉತ್ತರ. ಎರಡನೆಯದು ಹೆಚ್ಚು ಗಮನಾರ್ಹವಾದುದು. ಆತನ ಸಂಗದಲ್ಲಿದ್ದಷ್ಟು ಕಾಲವೂ ಅವರು ಸಂಯಮದಿಂದಲೇ ಇದ್ದರು. ಬಿಟ್ಟುಹೋದ ಮೇಲೆ ಕೆಟ್ಟರು. ಸಾಧಕವನ್ನು ಬಿಟ್ಟ ದೇಹವು ಹೇಗೆ ಬಲಗುಂದುವುದೋ ಹಾಗೆಯೇ ಅಭ್ಯಾಸವನ್ನು ಬಿಟ್ಟ ಆತ್ಮವೂ ತನ್ನ ಗುಣವನ್ನು ಕಳೆದುಕೊಳ್ಳುವುದು. ಯೋಧನಾದ ಕ್ಸೆನೊಫನನು ತತ್ತ್ವವಿಚಾರದಲ್ಲಿ ಪ್ಲೇಟೋವಿಗೆ ಸಮನಲ್ಲ. ಆದರೂ ಅರಿವು ಒಮ್ಮೆ ಪಡೆದಿಟ್ಟುಕೊಳ್ಳುವ ಒಡವೆಯಲ್ಲ, ಅದನ್ನು ಸಾಕಬೇಕು ಎಂದು ಮೊದಲು ತೋರಿಸಿಕೊಟ್ಟ ಯಶಸ್ಸು ಈ ಯೋಧನಿಗೆ ಸಲ್ಲತಕ್ಕದ್ದಾಗಿದೆ.

ಪ್ಲೇಟೋ ಇದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆಗಳಲ್ಲಿ ಎದುರಿಸಿದನು. 'ಔತಣಕೂಟ'ದಲ್ಲಿ ಆಲ್ಸಿಬಯಡೀಸನ ಬಾಯಿಂದಲೇ ನಿಜವನ್ನು ಹೊರಡಿಸಿದ್ದಾನೆ: ಸಾಕ್ರೆಟೀಸನೊಬ್ಬನ ಎದುರಿನಲ್ಲಿಯೇ ತನಗೆ ನಾಚಿಕೆಯಾಗುವುದು, ಆತನು ಹೇಳುವುದನ್ನು ಅಲ್ಲಗಳೆಯಲಾರನು, ಆದರೆ ಅಲ್ಲಿಂದ ಎದ್ದೊಡನೆಯೇ ಜನರ ಹೊಗಳಿಕೆಗೆ ಸೋಲುವನು. 'ಮೆನೋ' ಸಂವಾದದಲ್ಲಿ ಜ್ಞಾನಕ್ಕೂ ಸರಿಯಾದ ಅಭಿಪ್ರಾಯಕ್ಕೂ ಭೇದವನ್ನು ಮಾಡಿದ್ದಾನೆ. ಲಾರಿಸ ಪಟ್ಟಣದ ದಾರಿಯನ್ನು ನಡೆದು ಬಲ್ಲವನೂ, ನಡೆಯದೆ ಸರಿಯಾಗಿ ಊಹಿಸಿದವನೂ ಇಬ್ಬರೂ ಊರನ್ನು ಮುಟ್ಟಿಸಬಲ್ಲರು. ಆದರೆ ಊಹೆಯು ಡೀಡಲಸ್ ಶಿಲ್ಪಿಯು ಕಡೆದ ನಡೆದಾಡುವ ಬೊಂಬೆಗಳಂತೆ, ಕಟ್ಟದಿದ್ದರೆ ಓಡಿಹೋಗುವುದು. ಕಾರಣದ ವಿಚಾರವೇ ಅದನ್ನು ಕಟ್ಟುವ ಹಗ್ಗ. ಈ ಭೇದದಂತೆ ನೋಡಿದರೆ ಕ್ರಿಟಿಯಾಸನಲ್ಲಿದ್ದುದು ಕಟ್ಟಿಲ್ಲದ ಅಭಿಪ್ರಾಯವೇ ಹೊರತು ಜ್ಞಾನವಲ್ಲ. ಥೆಮಿಸ್ಟೊಕ್ಲೀಸ್, ಪೆರಿಕ್ಲೀಸ್ ಮೊದಲಾದ ಮಹನೀಯರು ಮಕ್ಕಳಿಗೆ ಕುದುರೆಸವಾರಿಯನ್ನೋ ಸಂಗೀತವನ್ನೋ ಕಲಿಸಿದರು, ತಮ್ಮ ಸದ್ಗುಣವನ್ನು ಕಲಿಸಲಾರದೆ ಹೋದರು ಎಂಬ ಮಾತೂ ಅಲ್ಲಿಯೇ ಬರುತ್ತದೆ. ಅದನ್ನು ಕೇಳಿ ಸಿಟ್ಟಾಗುವವನು ಮುಂದೆ ಆರೋಪವನ್ನು ಹೊರಿಸಿದ ಆ ಅನೀಟಸನೇ!

'ರಾಜ್ಯವ್ಯವಸ್ಥೆ' ಎಂಬ ಮಹಾಗ್ರಂಥದಲ್ಲಿ ಪ್ಲೇಟೋ ಗುರುವಿನಿಂದ ಒಂದು ಹೆಜ್ಜೆ ಈಚೆಗೆ ಬಂದಿದ್ದಾನೆ. ಆತ್ಮದಲ್ಲಿ ವಿವೇಕ, ತೇಜಸ್ಸು, ಕಾಮ ಎಂದು ಮೂರು ಭಾಗಗಳುಂಟೆಂದು ಅಲ್ಲಿಯ ಸಿದ್ಧಾಂತ. ಲಿಯಾಂಟಿಯಸನೆಂಬವನು ಪೈರೀಯಸಿನಿಂದ ಬರುತ್ತ, ಕೊಲೆಗಾರನ ಬಳಿ ಬಿದ್ದ ಹೆಣಗಳನ್ನು ಕಂಡು, ನೋಡಬೇಕೆಂಬ ಆಸೆಗೂ ನೋಡಬಾರದೆಂಬ ಹೇಸಿಕೆಗೂ ಸಿಕ್ಕಿ ತೊಳಲಿ, ಕಡೆಗೆ ತನ್ನ ಕಣ್ಣುಗಳನ್ನೇ ಬೈಯುತ್ತ ನೋಡಿದನೆಂಬ ಕಥೆಯು ಇದಕ್ಕೆ ನಿದರ್ಶನ. ಒಳಗೇ ಹೋರಾಟವುಂಟೆಂದು ಒಪ್ಪಿದ ಮೇಲೆ ತರ್ಕವೊಂದರಿಂದಲೇ ಶೀಲವು ಸಿದ್ಧಿಸುವುದೆಂದು ಹೇಳಲಾಗದು. ಆದುದರಿಂದಲೇ ಆ ಗ್ರಂಥದ ವಿದ್ಯಾಕ್ರಮದಲ್ಲಿ ಸಂಗೀತ ಕಾವ್ಯಗಳೂ ವ್ಯಾಯಾಮವೂ ಮೊದಲು. ತರ್ಕವು ಮೂವತ್ತು ವರ್ಷ ತುಂಬಿದ ಮೇಲೆ. ಎಳೆಯರ ಕೈಗೆ ವಾದವಿದ್ಯೆಯನ್ನು ಕೊಟ್ಟರೆ ನಾಯಿಮರಿಗಳಂತೆ ಕಂಡುದನ್ನೆಲ್ಲ ಕಚ್ಚಿ ಹರಿಯುವರೆಂದು ಅಲ್ಲಿ ಎಚ್ಚರಿಸಿದೆ. ಈ ಎಚ್ಚರಿಕೆಯ ಹಿಂದೆ ತನ್ನ ಬಂಧುವಾದ ಕ್ರಿಟಿಯಾಸನ ನೆರಳು ಇಲ್ಲವೆಂದು ಹೇಳುವುದು ಕಷ್ಟ.

೬

ಸ್ಟಗೈರ ಪಟ್ಟಣದ ಅರಿಸ್ಟಾಟಲನು (ಕ್ರಿ. ಪೂ. ೩೮೪-೩೨೨) ಪ್ಲೇಟೋವಿನ ಅಕಾಡೆಮಿಯಲ್ಲಿ ಇಪ್ಪತ್ತು ವರ್ಷ ಇದ್ದು, ಸಾಕ್ರೆಟೀಸನ ಮತವನ್ನು ಪೂರ್ವಪಕ್ಷವಾಗಿ ಹಿಡಿದು ನಿರ್ಣಯವನ್ನು ಮಾಡಲೆಳಸಿದನು. 'ನಿಕೊಮೇಕಿಯನ್ ನೀತಿಶಾಸ್ತ್ರ'ದ ಏಳನೆಯ ಅಧ್ಯಾಯದಲ್ಲಿ ವಿಚಾರಿಸುವ 'ಅಕ್ರಸಿಯ' ಎಂಬುದು ಇದೇ ವಿಷಯ. ಸಂಸ್ಕೃತದಲ್ಲಿರುವಂತೆಯೇ ಗ್ರೀಕಿನಲ್ಲಿಯೂ ಮೊದಲಿನ ಅಕಾರವು ನಿಷೇಧಾರ್ಥಕ. 'ಕ್ರಾಟೊಸ್' ಎಂದರೆ ಬಲ. ತನ್ನ ಮೇಲೆ ತನಗೆ ಬಲವಿಲ್ಲದಿರುವಿಕೆಯೇ ಅಕ್ರಸಿಯ, ಎಂದರೆ ಅಸಂಯಮ. ಅಂಥದು ಇಲ್ಲವೇ ಇಲ್ಲವೆಂಬ ಸಾಕ್ರೆಟೀಸನ ಮಾತು ಕಂಡ ಸಂಗತಿಗಳಿಗೆ ವಿರುದ್ಧವೆಂದು ಅರಿಸ್ಟಾಟಲನು ಮೊದಲೇ ಹೇಳಿಬಿಡುತ್ತಾನೆ. ಅನಂತರ, ಬಲ್ಲನು ಎಂಬ ಮಾತಿಗೆ ಎಷ್ಟು ಅರ್ಥಗಳುಂಟೆಂದು ಪರೀಕ್ಷಿಸುತ್ತಾನೆ. ಬಲ್ಲವನು ಆ ಅರಿವನ್ನು ಆಗ ಬಳಸುತ್ತಿರಬಹುದು, ಬಳಸದೆಯೂ ಇರಬಹುದು. ನಿದ್ರಿಸುವವನೂ ಕುಡಿದವನೂ ಹುಚ್ಚನೂ ಒಂದು ಬಗೆಯಿಂದ ಬಲ್ಲವರೇ, ಒಂದು ಬಗೆಯಿಂದ ಅಲ್ಲ. ಕಾಮಕ್ರೋಧಗಳ ವಶವಾದವನ ಅವಸ್ಥೆಯೂ ಇದೇ. ಅವನು ನೀತಿವಾಕ್ಯಗಳನ್ನು ಆಡುತ್ತಾನೆಂದರೆ ಅದರಿಂದೇನು? ಕುಡಿದವನೂ ಎಂಪಿಡೊಕ್ಲೀಸನ ಪದ್ಯಗಳನ್ನು ಒಪ್ಪಿಸಬಲ್ಲನು. ಹೊಸದಾಗಿ ಕಲಿಯುವ ಬಾಲಕನು ವಾಕ್ಯಗಳನ್ನು ಜೋಡಿಸಿದರೂ ಇನ್ನೂ ಅರಿತವನಲ್ಲ. ಕಲಿತುದು ಸ್ವಭಾವದಲ್ಲಿ ಬೆರೆಯಬೇಕು, ಅದಕ್ಕೆ ಕಾಲವು ಬೇಕು.

ಬೆರೆಯುವ ಬಗೆಯನ್ನು ಎರಡನೆಯ ಅಧ್ಯಾಯದಲ್ಲಿ ಹೇಳಿದೆ. ಗ್ರೀಕಿನಲ್ಲಿ 'ಎಥೊಸ್' ಎಂದು ಹ್ರಸ್ವವಾಗಿ ಹೇಳಿದರೆ ವಾಡಿಕೆ. 'ಏಥೊಸ್' ಎಂದು ದೀರ್ಘವಾಗಿ ಹೇಳಿದರೆ ಶೀಲ. ಒಂದು ಸ್ವರವು ದೀರ್ಘವಾದ ಮಾತ್ರಕ್ಕೆ ಇದು ಹುಟ್ಟಿತೆಂದು ಅರಿಸ್ಟಾಟಲನು ತೋರಿಸುತ್ತಾನೆ. ಮನೆ ಕಟ್ಟಿ ಕಟ್ಟಿ ಶಿಲ್ಪಿಯಾಗುವಂತೆ, ನ್ಯಾಯವಾದುದನ್ನು ಮಾಡಿ ಮಾಡಿ ಮನುಷ್ಯನು ನ್ಯಾಯವಂತನಾಗುವನು. ಮಾಡದೆ ತತ್ತ್ವವನ್ನು ಮಾತಾಡುವವರು ವೈದ್ಯನ ಮಾತನ್ನು ಕಿವಿಗೊಟ್ಟು ಕೇಳಿ ಪಥ್ಯವನ್ನು ಮಾತ್ರ ಮಾಡದ ರೋಗಿಗಳಂತೆ. ಕ್ಸೆನೊಫನನು ದೃಷ್ಟಾಂತದಿಂದ ಸೂಚಿಸಿದುದು ಇಲ್ಲಿ ಶಾಸ್ತ್ರವಾಗಿದೆ.

ಆದರೂ ಅರಿಸ್ಟಾಟಲನು ಸಾಕ್ರೆಟೀಸನನ್ನು ಪೂರ್ತಿಯಾಗಿ ತಳ್ಳಲಿಲ್ಲ. ಸದ್ಗುಣಗಳೆಲ್ಲವೂ ವಿವೇಕವೇ ಎಂದುದು ತಪ್ಪು, ವಿವೇಕವಿಲ್ಲದೆ ಅವು ಇರಲಾರವು ಎಂದುದು ಸರಿ ಎಂದು ಆರನೆಯ ಅಧ್ಯಾಯದಲ್ಲಿ ವಿಂಗಡಿಸಿದ್ದಾನೆ. ಅಸಂಯಮದ ವಿಚಾರದ ಕೊನೆಯಲ್ಲಿಯೂ, ಕಾಮವು ಎಳೆದಾಡುವುದು ಮುಖ್ಯಾರ್ಥದ ಜ್ಞಾನವನ್ನಲ್ಲ, ಎದುರಿನ ವಸ್ತುವನ್ನು ಕುರಿತ ಇಂದ್ರಿಯದ ತಿಳಿವನ್ನು ಎಂದು ಹೇಳಿ, ಸಾಕ್ರೆಟೀಸನು ಬಯಸಿದುದೇ ಒಂದು ರೀತಿಯಲ್ಲಿ ಸಿದ್ಧವಾದಂತೆ ತೋರುವುದೆಂದು ಒಪ್ಪಿಕೊಂಡಿದ್ದಾನೆ.

೭

ವಾದವು ಇಲ್ಲಿಗೆ ನಿಲ್ಲಲಿಲ್ಲ. ಸೈಪ್ರಸ್ ದ್ವೀಪದ ಜೀನೋ ಎಂಬವನು ಅಥೆನ್ಸಿನ ಪುಸ್ತಕದ ಅಂಗಡಿಯೊಂದರಲ್ಲಿ ಕ್ಸೆನೊಫನನ 'ಸ್ಮರಣೆಗಳು' ಗ್ರಂಥವನ್ನು ಕೇಳಿ, ಇಂಥ ಮನುಷ್ಯರು ಎಲ್ಲಿ ಸಿಕ್ಕುವರು ಎಂದು ವಿಚಾರಿಸಿದನೆಂದು ಡಯೋಜಿನೀಸ್ ಲಾಯರ್ಷಿಯಸನು ಹೇಳಿರುವನು. ಆ ಜೀನೋ ಕ್ರಿ. ಪೂ. ೩೦೦ರ ಸುಮಾರಿಗೆ ಸ್ಥಾಪಿಸಿದ ಸ್ಟೋಯಿಕ್ ಸಂಪ್ರದಾಯವು ಮತ್ತೆ ಸಾಕ್ರೆಟೀಸನ ಮೂಲಮತವನ್ನೇ ಹಿಡಿದು, ಕಾಮಕ್ರೋಧಗಳೂ ತಪ್ಪು ನಿರ್ಣಯಗಳೇ ಎಂದು ಸಾಧಿಸಿತು. ಗುರುವಿನ ಮೇಲಿನ ಅಪವಾದವನ್ನು ಕಳೆಯಲು ಬರೆದ ಗ್ರಂಥವೇ ಗುರುವಿನ ಸಿದ್ಧಾಂತಕ್ಕೆ ಹೊಸ ಆಯುಸ್ಸನ್ನು ತಂದಿತು.

ಒಟ್ಟಿನಲ್ಲಿ ನೋಡಿದರೆ, ಅರಿವು ನಡತೆಯನ್ನು ಆಳುವುದೆ ಎಂಬ ಪ್ರಶ್ನೆಗೆ ಗ್ರೀಕರು ಒಂದೇ ಉತ್ತರವನ್ನು ಕೊಡಲಿಲ್ಲ; ಆದರೆ ಯಾವುದನ್ನು ಅರಿವೆಂದು ಕರೆಯಬೇಕೆಂಬುದನ್ನು ಆ ಪ್ರಶ್ನೆಯ ಮೂಲಕವೇ ಕಂಡುಕೊಂಡರು. ಕೇಳಿದುದು ಅರಿವಲ್ಲ, ಒಪ್ಪಿಸಿದುದು ಅರಿವಲ್ಲ, ವಾದದಲ್ಲಿ ಗೆದ್ದುದೂ ಅರಿವಲ್ಲ. ಕಾರಣದಿಂದ ಕಟ್ಟಲ್ಪಟ್ಟು, ಅಭ್ಯಾಸದಿಂದ ಮೈಗೂಡಿ, ಆಪತ್ಕಾಲದಲ್ಲಿಯೂ ಬಿಟ್ಟುಹೋಗದಿರುವುದು ಯಾವುದೋ ಅದು ಅರಿವು. ಈ ಲಕ್ಷಣದಂತೆ ಕ್ರಿಟಿಯಾಸನೂ ಆಲ್ಸಿಬಯಡೀಸನೂ ಬಲ್ಲವರಾಗಿರಲಿಲ್ಲ. ಬಲ್ಲವರ ಬಳಿಯಲ್ಲಿ ಕುಳಿತು ಎದ್ದವರು. ಹಾಗೆಂದು ಅಥೆನ್ಸಿನವರ ದುಃಖವನ್ನು ಹಗುರವಾಗಿ ಎಣಿಸಲಾಗದು. ಬಳಿಯಲ್ಲಿ ಕುಳಿತವರನ್ನು ಬಲ್ಲವರನ್ನಾಗಿ ಮಾಡುವ ದಾರಿಯನ್ನು ಸಾಕ್ರೆಟೀಸನು ಹೇಳದೆ ಹೋದನು; ಆ ಕೊರತೆಯನ್ನು ತುಂಬುವುದಕ್ಕೆ ಪ್ಲೇಟೋ ಅರಿಸ್ಟಾಟಲರ ಎರಡು ಆಯುಷ್ಯಗಳು ಬೇಕಾದುವು. ಆತನು ತನ್ನ ಸಿದ್ಧಾಂತಕ್ಕೆ ಕೊಟ್ಟ ಪ್ರಮಾಣವು ವಿಷದ ಬಟ್ಟಲನ್ನು ಎತ್ತಿದ ಆ ಸಂಜೆ ಒಂದೇ. ಆ ಪ್ರಮಾಣವನ್ನು ಖಂಡಿಸಿದವರು ಮುಂದೆ ಯಾರೂ ಬರಲಿಲ್ಲ.